ಆಯಿಲ್ ಕಿಂಗ್‌ನ ಪಂಪ್ ಏನಾಯ್ತು?

ಎಜ್ಡಿ ಇಂಜಿನ್ ಬಿಚ್ಚಿ ಪವರ್ ಏರಿಸೋ ಗೆಳೆಯರು ನನ್ನ ಕೇಳೋದು ಒಂದೇ: ಯಾವ ಆಯಿಲ್ ಪಂಪ್ ಹಾಕೋಣ? ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ಕಟ್ಟಿದ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಬಹುಪಾಲಿಗೆ ಪಂಪೇ ಇಲ್ಲ. ನಮ್ಮ ಸಂತೆಬಾಚಹಳ್ಳಿ ಕಡೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಅಲ್ಲಾಡಿಸಿದರೆ ಮುಗೀತು. ಆಯಿಲ್ ಕಿಂಗ್ ಮಾಡೆಲಿಗೆ ಮಾತ್ರ ಪಂಪ್ ಕೂರಿಸಿದ್ದರು. ಅದನ್ನು ನಂಬದೆ ಎಷ್ಟೋ ಜನ ಬಿಚ್ಚಿಟ್ಟು ಬೆರಕೆಗೇ ಮರಳಿದರು. ಕಾರಣ ಇದೆ. ಪಂಪ್ ಕೈಕೊಟ್ಟರೆ ಇಂಜಿನ್ ಮುನ್ಸೂಚನೆ ಕೊಡಲ್ಲ, ನೇರ ಪಿಸ್ಟನ್ ಸೀಜ್. ರಾಜ್‌ದೂತ್ 350ಯ ಯಮಹಾ ಪಂಪ್ ಜಾಣ: ಇಂಜಿನ್ ವೇಗ, ಥ್ರಾಟಲ್ ಎರಡನ್ನೂ ನೋಡಿ ಅಳೆಯುತ್ತೆ. ಬೆರಕೆಯಲ್ಲೋ, ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿದರೆ ಪೆಟ್ರೋಲ್ ಜತೆ ಆಯಿಲೂ ಕಮ್ಮಿ. ಆದರೂ ಪವರ್ ಏರಿಸಿದ ಎಜ್ಡಿಗೆ ನನ್ನ ಓಟು ಬೆರಕೆಗೇ. ಲೀಟರಿಗೆ ಸುಮಾರು 40 ಎಂಎಲ್, ಇಳಿಜಾರಲ್ಲಿ ಆಗಾಗ ಸ್ವಲ್ಪ ಥ್ರಾಟಲ್ ಕೊಡಿ.