ಲೂಯಿ ಫಿಲಿಪ್ಪನ ಆಳಿಕೆಯಲ್ಲಿ ವ್ಯಂಗ್ಯಚಿತ್ರವೂ ಶಾಸನವೂ

1830ರ ಜುಲೈ ಕ್ರಾಂತಿಯಿಂದ ಸಿಂಹಾಸನವನ್ನೇರಿದ ಲೂಯಿ ಫಿಲಿಪ್ಪನು ಪಾಲಿಸುವೆನೆಂದು ಪ್ರತಿಜ್ಞೆಗೈದ ಸನ್ನದಿನಲ್ಲಿ, ಫ್ರೆಂಚರಿಗೆ ತಮ್ಮ ಅಭಿಪ್ರಾಯಗಳನ್ನು ಅಚ್ಚುಹಾಕಿಸಿ ಪ್ರಕಟಿಸುವ ಹಕ್ಕುಂಟೆಂದೂ ಪ್ರಕಟಣಪೂರ್ವ ತಪಾಸಣೆಯನ್ನು ಎಂದೆಂದಿಗೂ ಮರಳಿ ತರಲಾಗದೆಂದೂ ಸ್ಪಷ್ಟವಾಗಿ ವಿಧಿಸಲಾಗಿತ್ತು. ಐದೇ ವರ್ಷಗಳಲ್ಲಿ ಚಿತ್ರಗಳ ಮಟ್ಟಿಗೆ ಆ ವಾಗ್ದಾನ ಭಂಗವಾಯಿತು. ಭಂಗವಾದ ಬಗೆಯನ್ನು ಪರಿಶೀಲಿಸಿದರೆ, ವ್ಯಂಗ್ಯಚಿತ್ರದ ಶಕ್ತಿಯನ್ನು ಕಲಾವಿಮರ್ಶಕರಿಗಿಂತ ಮೊದಲೇ ಸರಿಯಾಗಿ ತೂಗಿದವರು ಅರಸನ ಮಂತ್ರಿಗಳೆಂದು ನನಗೆ ತೋರುತ್ತದೆ.

'ಲಾ ಕಾರಿಕಾತ್ಯೂರ್' ಪತ್ರಿಕೆಯ ಸ್ಥಾಪಕ ಷಾರ್ಲ್ ಫಿಲಿಪೋನನು, ಅರಸನನ್ನು ಜುಲೈಯ ಗುರುತುಗಳ ಮೇಲೆ ಗಾರೆ ಮೆತ್ತುವವನಂತೆ ಚಿತ್ರಿಸಿದ ಅಪರಾಧಕ್ಕಾಗಿ 1831ರ ನವೆಂಬರಿನಲ್ಲಿ ವಿಚಾರಣೆಗೆ ಗುರಿಯಾದಾಗ, ನ್ಯಾಯಾಸನದ ಮುಂದೆಯೇ ನಾಲ್ಕು ತಲೆಗಳನ್ನು ಬರೆದು ತೋರಿಸಿದನು. ಮೊದಲನೆಯದು ಅರಸನ ಮುಖ, ಕೊನೆಯದು ಮರಸೇಬು. ನಡುವಣ ಎರಡರಲ್ಲಿ ಕೆನ್ನೆಗಳು ಜೋತು ನೆತ್ತಿ ಕಿರಿದಾಗುತ್ತ ಸಾಗುತ್ತದೆ. ಹೋಲಿಕೆಯೇ ಅಪರಾಧವಾದರೆ ಹಣ್ಣನ್ನೂ ದಂಡಿಸಬೇಕಾದೀತೆಂಬುದು ಅವನ ವಾದ. ಆರು ತಿಂಗಳ ಸೆರೆಯೂ 2000 ಫ್ರಾಂಕುಗಳ ದಂಡವೂ ಪ್ರಾಪ್ತವಾದುವು. ಮರಸೇಬಾದರೋ ಪ್ಯಾರಿಸಿನ ಗೋಡೆಗೋಡೆಗಳನ್ನೇರಿತು.

ಇದಕ್ಕಿಂತ ಬಹಳ ಗಹನವಾದುದು ಚಿತ್ರಕಾರ ಒನೊರೆ ದೋಮಿಯೆಯ ಕೃತಿ. 1834ರ ಏಪ್ರಿಲ್ ದಂಗೆಯಲ್ಲಿ ಟ್ರಾನ್ಸ್‌ನೊನೆ ಬೀದಿಯ 12ನೆಯ ಮನೆಗೆ ನುಗ್ಗಿದ ಸೈನಿಕರು ನಿವಾಸಿಗಳನ್ನು ಕೊಂದರು. ದೋಮಿಯೆಯ ಕಲ್ಲಚ್ಚಿನಲ್ಲಿ, ರಾತ್ರಿಯುಡುಪಿನ ಗಂಡಸೊಬ್ಬನು ಅಸ್ತವ್ಯಸ್ತವಾದ ಹಾಸಿಗೆಗೊರಗಿದಂತೆ ಕುಸಿದು ಬಿದ್ದಿದ್ದಾನೆ. ಅವನ ಮೈಯಡಿ ಒಂದು ಕೂಸು ಸಿಕ್ಕಿ ಸತ್ತಿದೆ. ಎಡಗಡೆಯ ಕತ್ತಲಲ್ಲಿ ಹೆಂಗಸಿನ ಶವ, ಬಲಗಡೆಯ ಅಂಚಿನಲ್ಲಿ ಮುದುಕನ ತಲೆ, ಉರುಳಿದ ಕುರ್ಚಿ. ಅರಸನಿಲ್ಲ, ಸೈನಿಕನಿಲ್ಲ, ಉತ್ಪ್ರೇಕ್ಷೆಯ ಒಂದು ಗೆರೆಯೂ ಇಲ್ಲ. ಅಡಿಬರಹವೆಂದರೆ ಬೀದಿಯ ಹೆಸರು ಮತ್ತು ತಾರೀಖು. ಜಿಡ್ಡುಕಡ್ಡಿಯು ಕಲ್ಲಿನ ಮೇಲೆ ಮೂಡಿಸುವ ಆ ಮೆತ್ತನೆಯ ಬೂದುಛಾಯೆಯೇ ಇಲ್ಲಿ ಸಾಕ್ಷಿ ನುಡಿಯುತ್ತದೆ. ಫಿಲಿಪೋನನ ಪತ್ರಿಕೆಗೆ ಬೀಳುತ್ತಿದ್ದ ದಂಡಗಳನ್ನು ತೆರುವುದಕ್ಕಾಗಿಯೇ ಏರ್ಪಟ್ಟಿದ್ದ ಮಾಸಿಕ ಚಿತ್ರಮಾಲೆಯಲ್ಲಿ ಇದು ಹೊರಬಿದ್ದಿತು. ಅಧಿಕಾರಿಗಳು ಕಲ್ಲನ್ನೂ ಕೈಗೆ ಸಿಕ್ಕ ಪ್ರತಿಗಳನ್ನೂ ವಶಪಡಿಸಿಕೊಂಡರು.

1835ರ ಜುಲೈ 28ರಂದು ಫಿಯೆಸ್ಕಿಯೆಂಬವನು ಅರಸನ ಮೇಲೆ ನಡೆಸಿದ ಹತ್ಯಾಯತ್ನವು ಸರ್ಕಾರಕ್ಕೆ ಬೇಕಾದ ನೆವವನ್ನೊದಗಿಸಿತು. ಸೆಪ್ಟೆಂಬರಿನ ಶಾಸನವು ಚಿತ್ರಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಸನ್ನದು ರಕ್ಷಿಸುವುದು ಅಭಿಪ್ರಾಯವನ್ನು. ಚಿತ್ರವು ಜನರ ಕಣ್ಣಿಗೆ ನೇರವಾಗಿ ತಾಕಿ ಪ್ರಚೋದಿಸುವ ಕ್ರಿಯೆ—ಎಂಬುದು ಸರ್ಕಾರದ ಪಕ್ಷದವರ ತರ್ಕ. ನ್ಯಾಯದೃಷ್ಟಿಯಿಂದ ಇದು ಕುಟಿಲವಾದುದು; ಆದರೆ ಟ್ರಾನ್ಸ್‌ನೊನೆ ಬೀದಿಯ ಆ ಕೋಣೆಯನ್ನು ಕಂಡವರು ಇದರಲ್ಲಡಗಿದ ಸತ್ಯಾಂಶವನ್ನು ಅಲ್ಲಗಳೆಯಲಾರರು. 'ಲಾ ಕಾರಿಕಾತ್ಯೂರ್' ನಿಂತುಹೋಯಿತು. 'ಷಾರಿವಾರಿ' ದಿನಪತ್ರಿಕೆಯಲ್ಲಿ ದೋಮಿಯೆಯು ಅರಸನನ್ನು ಬಿಟ್ಟು, ರೋಬೇರ್ ಮಕೇರನೆಂಬ ವಂಚಕನ ವೇಷದಲ್ಲಿ ಆ ಅರಸನ ಆಶ್ರಯದಲ್ಲಿ ಕೊಬ್ಬಿದ ಷೇರು ವ್ಯಾಪಾರಿಗಳನ್ನೂ ವಕೀಲರನ್ನೂ ಚಿತ್ರಿಸತೊಡಗಿದನು.