ಹಾಸ್ಟೆಲ್ ಹುಡುಗಿಯರು ಮತ್ತು ಹಾರುವ ತಟ್ಟೆ

(1)
ಹೋದ ತಿಂಗಳು ಒಂದು ಸಂಜೆ ಏಳೂವರೆ ಹೊತ್ತಿಗೆ ಹಾಸ್ಟೆಲ್ ಟೆರೇಸ್‌ಗೆ ಬಟ್ಟೆ ತೆಗೆಯೋಕೆ ಹೋಗಿದ್ವಿ. ಆಕಾಶದಲ್ಲಿ ಸಾಲಾಗಿ ದೀಪಗಳು. ರೈಲಿನ ಬೋಗಿಗಳ ಥರ, ಒಂದರ ಹಿಂದೆ ಒಂದು, ಚೂರೂ ಸದ್ದಿಲ್ಲದೆ ಹೋಗ್ತಿದ್ವು. ನನಗೆ ಮೈ ಜುಮ್ಮೆಂದಿತು. ಪಕ್ಕದಲ್ಲಿದ್ದವಳು ಒಂದು ಸಲ ತಲೆ ಎತ್ತಿ ನೋಡಿ, "ಸ್ಟಾರ್‌ಲಿಂಕ್ ಕಣೇ" ಅಂದು ಬಕೆಟ್ ಎತ್ತಿಕೊಂಡು ಕೆಳಗೆ ಹೋದಳು.

ಅವಳು ಹೇಳಿದ್ದು ಸರಿನೇ. ಅವು ಇಂಟರ್ನೆಟ್ ಉಪಗ್ರಹಗಳೇ. ಆಮೇಲೆ ಸ್ಟೋರಿಯಲ್ಲಿ ನಿಮ್ಮನ್ನ ಕೇಳಿದೆ: ಯುಎಫ್‌ಒ ಬಗ್ಗೆ ನಿಮಗೆ ಆಸಕ್ತಿ ಇದೆಯಾ? ಬಂದ ಉತ್ತರಗಳಲ್ಲಿ ಮುಕ್ಕಾಲುಪಾಲು ನಗುವ ಇಮೋಜಿಗಳು. ಹಾಗಾದ್ರೆ ಕೇಳಿ, ಇದೇ ಥರದ ಇನ್ನೊಂದು ಹಾಸ್ಟೆಲ್‌ನ ಕಥೆ. ಅಲ್ಲಿ ಯಾರೂ ನಗಲಿಲ್ಲ.

(2)
1966ರ ಮಾರ್ಚ್ 21ರ ರಾತ್ರಿ. ಅಮೆರಿಕದ ಮಿಷಿಗನ್ ರಾಜ್ಯದ ಹಿಲ್ಸ್‌ಡೇಲ್ ಕಾಲೇಜು. ಹುಡುಗಿಯರ ಹಾಸ್ಟೆಲ್ ಕಿಟಕಿಗಳಿಂದ ಆಚೆ ನೋಡಿದ್ರೆ ಕಾಲೇಜಿನದೇ ಗಿಡಮರಗಳ ತೋಟ, ಅದರಲ್ಲೊಂದು ಜೌಗು ಜಾಗ. ಅದರ ಮೇಲೆ ಬೆಳಕುಗಳು ಕಾಣಿಸಿಕೊಂಡವು. ಹತ್ತಿರ ಬಂದ ಹಾಗೆ, ದೂರ ಹೋದ ಹಾಗೆ. ಒಬ್ಬಿಬ್ಬರಲ್ಲ, 87 ವಿದ್ಯಾರ್ಥಿನಿಯರು ನೋಡಿದರು. ಊರಿನ ನಾಗರಿಕ ರಕ್ಷಣಾ ಅಧಿಕಾರಿಯೂ ಬಂದು ನೋಡಿದರು. ಗಂಟೆಗಟ್ಟಲೆ ನೋಡಿದರು ಅನ್ನೋದನ್ನ ಗಮನಿಸಿ. ನಾವು ಟೆರೇಸ್ ಮೇಲಿದ್ದದ್ದು ಎರಡು ನಿಮಿಷ.

ವಾಯುಪಡೆ ತನ್ನ ಸಲಹೆಗಾರ, ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಅವರನ್ನ ಕಳಿಸಿತು. ಮಾರ್ಚ್ 25ಕ್ಕೆ ಡೆಟ್ರಾಯಿಟ್‌ನಲ್ಲಿ ಪತ್ರಿಕಾಗೋಷ್ಠಿ. ಇಲ್ಲಿ ಮತ್ತು ಹಿಂದಿನ ದಿನ ಡೆಕ್ಸ್‌ಟರ್ ಅನ್ನೋ ಊರಲ್ಲಿ ಕಂಡದ್ದು ಜೌಗಿನ ಗ್ಯಾಸ್ ಇರಬಹುದು ಅಂದರು. ಕೆಸರಲ್ಲಿ ಎಲೆ, ಬೇರು ಕೊಳೆತು ಮೀಥೇನ್ ಹುಟ್ಟುತ್ತೆ, ಅದು ಕೆಲವೊಮ್ಮೆ ಹೊತ್ತಿಕೊಂಡು ಮಿನುಗುತ್ತೆ ಅನ್ನೋ ವಿವರಣೆ. ಪಾಪ, ಅವರು ಹೇಳಿದ್ದು ಈ ಎರಡು ಘಟನೆಗಳ ಬಗ್ಗೆ ಮಾತ್ರ, ಅದೂ 'ಇರಬಹುದು' ಅಂತ. ಪತ್ರಿಕೆಗಳು ಹಿಡಿದುಕೊಂಡಿದ್ದು 'ಜೌಗು ಗ್ಯಾಸ್' ಅನ್ನೋ ಎರಡು ಪದ. ದೇಶವೆಲ್ಲಾ ಕಾರ್ಟೂನುಗಳು, ಜೋಕುಗಳು.

ಏಲಿಯನ್ ಬಂದಿದ್ರು ಅಂತ ನಾನಂತೂ ನಂಬಲ್ಲ. ಆದರೆ 87 ಜನ ಕಣ್ಣಾರೆ ಕಂಡದ್ದನ್ನ ಹೇಳಿದಾಗ, ನಾಲ್ಕು ದಿನದಲ್ಲಿ "ಕೆಸರಿನ ಗ್ಯಾಸಮ್ಮ, ಹೋಗಿ ಮಲ್ಕೊಳ್ಳಿ" ಅನ್ನೋ ಥರದ ಉತ್ತರ ಬಂದ್ರೆ ಹೇಗಿರುತ್ತೆ ಹೇಳಿ. ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಈ ಧ್ವನಿ ನಾವೂ ಕೇಳಿದೀವಲ್ಲ.

(3)
ಆ ಕಾಲದ ಹುಡುಗರಿಗೆ ಆಕಾಶ ಅಂದ್ರೆ ತಮಾಷೆ ಆಗಿರಲಿಲ್ಲ. ಅಣುಬಾಂಬ್ ಬಿದ್ರೆ ಬೆಂಚಿನ ಕೆಳಗೆ ನುಗ್ಗಿ ತಲೆ ಮುಚ್ಚಿಕೊಳ್ಳಿ ಅಂತ ಸ್ಕೂಲಲ್ಲಿ ಡ್ರಿಲ್ ಮಾಡಿಸಿ ಬೆಳೆಸಿದ ತಲೆಮಾರು ಅದು. ಮೇಲಿನಿಂದ ಏನೋ ಬರುತ್ತೆ ಅನ್ನೋದನ್ನ ಅವರಿಗೆ ಕಲಿಸಿದ್ದೇ ದೊಡ್ಡವರು.

ಇನ್ನೊಂದು ವಿಷಯ. ಸರ್ಕಾರ ಏನೋ ಮುಚ್ಚಿಡ್ತಿದೆ ಅನ್ನೋ ಅನುಮಾನ ಇತ್ತಲ್ಲ, ಅದು ಪೂರ್ತಿ ಸುಳ್ಳೂ ಅಲ್ಲ. 1947ರಲ್ಲಿ ರಾಸ್‌ವೆಲ್ ಹತ್ತಿರ ಬಿದ್ದ ಅವಶೇಷಗಳನ್ನ ಹವಾಮಾನ ಬಲೂನ್ ಅಂದಿದ್ದರು. 1994ರಲ್ಲಿ ವಾಯುಪಡೆಯೇ ವರದಿ ಕೊಟ್ಟಿತು: ಅದು ಸೋವಿಯತ್ ಅಣುಪರೀಕ್ಷೆಗಳ ಸದ್ದು ಹಿಡಿಯೋಕೆ ಹಾರಿಸುತ್ತಿದ್ದ, ಮೊಗಲ್ ಅನ್ನೋ ರಹಸ್ಯ ಯೋಜನೆಯ ಬಲೂನುಗಳಿಗೆ ಸೇರಿದ್ದು. ಮುಚ್ಚಿಟ್ಟಿದ್ದು ನಿಜ ಕಣ್ರೋ. ಏಲಿಯನ್ ಮಾತ್ರ ಇರಲಿಲ್ಲ.

ಸರಿ, ಮಿಷಿಗನ್‌ಗೆ ಬರೋಣ. ಅಲ್ಲಿನ ಸಂಸದ ಜೆರಾಲ್ಡ್ ಫೋರ್ಡ್ (ಮುಂದೆ ಅಧ್ಯಕ್ಷರಾದವರೇ) ನಮ್ಮ ಜನಕ್ಕೆ ಇದಕ್ಕಿಂತ ಒಳ್ಳೇ ಉತ್ತರ ಬೇಕು ಅಂತ ಪಟ್ಟು ಹಿಡಿದರು. ಏಪ್ರಿಲ್ 5ರಂದು ಸಂಸತ್ತಿನ ಸಮಿತಿಯಲ್ಲಿ ವಿಚಾರಣೆ ನಡೀತು. ಹಾಸ್ಟೆಲ್ ಕಿಟಕಿಯಿಂದ ವಾಷಿಂಗ್ಟನ್‌ವರೆಗೆ, ಎರಡೇ ವಾರದಲ್ಲಿ! ಅದೇ ವರ್ಷ ಕೊಲರಾಡೋ ವಿಶ್ವವಿದ್ಯಾಲಯಕ್ಕೆ ಅಧ್ಯಯನ ಒಪ್ಪಿಸಿದರು. ಮುಖ್ಯಸ್ಥ ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್. ಖರ್ಚು 5 ಲಕ್ಷ ಡಾಲರ್‌ಗೂ ಹೆಚ್ಚು.

1969ರ ಜನವರಿಯಲ್ಲಿ ಹೊರಬಂದ ವರದಿಯ ಸಾರ: ಇದರಿಂದ ವಿಜ್ಞಾನಕ್ಕೆ ಏನೂ ಸಿಕ್ಕಿಲ್ಲ, ಮುಂದೆ ಸಿಗೋ ಲಕ್ಷಣವೂ ಇಲ್ಲ. ಅದೇ ಡಿಸೆಂಬರ್‌ನಲ್ಲಿ ವಾಯುಪಡೆ ತನ್ನ ಯುಎಫ್‌ಒ ವಿಭಾಗ ಪ್ರಾಜೆಕ್ಟ್ ಬ್ಲೂ ಬುಕ್ ಅನ್ನ ಮುಚ್ಚಿತು. ಒಟ್ಟು 12,618 ವರದಿಗಳು ಬಂದಿದ್ದವು, ಅದರಲ್ಲಿ 701ಕ್ಕೆ ಕೊನೆಗೂ ಉತ್ತರ ಇಲ್ಲ.

(4)
ನಾನು ಈ ಪೋಸ್ಟ್ ಬರೆಯೋಕೆ ಕೂತಿದ್ದೇ ಆ ವರದಿಯ ಇನ್ನೊಂದು ಸಲಹೆಯಿಂದ. ಅದು ನಮ್ಮಂಥವರ ಬಗ್ಗೆ. ಯುಎಫ್‌ಒ ಪುಸ್ತಕ, ಪತ್ರಿಕೆಗಳನ್ನ ಓದಿ ಮಾಡೋ ಶಾಲಾ ಕೆಲಸಕ್ಕೆ ಮಕ್ಕಳಿಗೆ ಮಾರ್ಕ್ಸ್ ಕೊಡಬೇಡಿ ಅಂತ ಕಾಂಡನ್ ಶಿಕ್ಷಕರಿಗೆ ಹೇಳಿದರು! ಅಂದ್ರೆ ಎಷ್ಟು ಹುಡುಗರು ಆಗ ಇದರ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದಿರಬೇಕು, ಯೋಚಿಸಿ. ಆಸಕ್ತಿ ಇರೋರನ್ನ ಖಗೋಳಶಾಸ್ತ್ರ, ಹವಾಮಾನಶಾಸ್ತ್ರದ ಕಡೆ ತಿರುಗಿಸಿ ಅಂತಲೂ ಸೇರಿಸಿದ್ದಾರೆ. ಈ ಮಾತು ನನಗೆ ಇಷ್ಟ. ಆದರೆ ಮೊದಲನೇದು ತಪ್ಪು ಅನ್ಸುತ್ತೆ. ಕೆಟ್ಟ ಪುಸ್ತಕ ಓದಿ ಬಂದವನಿಗೆ ಅದು ಯಾಕೆ ಕೆಟ್ಟದ್ದು ಅಂತ ಬರೆಸಿ ಮಾರ್ಕ್ಸ್ ಕೊಡಬಹುದಿತ್ತಲ್ವಾ?

ಹೈನೆಕ್ ಕಥೆ ಉಲ್ಟಾ ತಿರುಗಿತು. ಜೌಗು ಗ್ಯಾಸ್ ಅಂದವರೇ 1973ರಲ್ಲಿ ಯುಎಫ್‌ಒ ಅಧ್ಯಯನಕ್ಕೆ ಸ್ವಂತ ಕೇಂದ್ರ ಕಟ್ಟಿದರು. 1977ರ ಸ್ಪೀಲ್‌ಬರ್ಗ್ ಸಿನಿಮಾದಲ್ಲಿ ಒಂದು ಕ್ಷಣ ಮುಖ ತೋರಿಸಿ ಹೋಗ್ತಾರೆ, ಹುಡುಕಿ.

(5)
ಈಗ ನಮ್ಮ ಕಾಲ. 2019ರಲ್ಲಿ ಒಬ್ಬ ಹುಡುಗ ಫೇಸ್‌ಬುಕ್‌ನಲ್ಲಿ ತಮಾಷೆಗೆ ಒಂದು ಈವೆಂಟ್ ಹಾಕಿದ: ಸೆಪ್ಟೆಂಬರ್ 20ಕ್ಕೆ ಎಲ್ಲರೂ ಸೇರಿ ಏರಿಯಾ 51ಗೆ ನುಗ್ಗೋಣ, ನರುಟೋ ಥರ ಓಡೋಣ. ಬರ್ತೀವಿ ಅಂತ ಒತ್ತಿದವರು 20 ಲಕ್ಷಕ್ಕೂ ಹೆಚ್ಚು. ಆ ದಿನ ಗೇಟಿನ ತನಕ ಬಂದವರು ನೂರೈವತ್ತರ ಆಸುಪಾಸು. 2021ರಲ್ಲಿ ಅಮೆರಿಕದ ಗುಪ್ತಚರ ಇಲಾಖೆಯೇ ವರದಿ ಕೊಟ್ಟಿತು: 144 ಘಟನೆ ನೋಡಿದೀವಿ, ಖಚಿತವಾಗಿ ಗುರುತಿಸಿದ್ದು ಒಂದೇ, ಗಾಳಿ ಹೋಗ್ತಿದ್ದ ಒಂದು ದೊಡ್ಡ ಬಲೂನ್. 1966ರಲ್ಲಿ ಇಂಥ ವರದಿ ಬಂದಿದ್ರೆ ಬೀದಿಗೆ ಬರ್ತಿದ್ರು. ನಾವು ಮೀಮ್ ಮಾಡಿ ಮಲಗಿದ್ವಿ.

ನಮಗೆ ಬುದ್ಧಿ ಜಾಸ್ತಿ ಅಂತ ಹೀಗಾಯ್ತು ಅಂದ್ರೆ ನಾನು ಒಪ್ಪಲ್ಲ. ಅವರಿಗೆ 'ಆಕಾಶದಲ್ಲಿ ಏನದು' ಅನ್ನೋದೂ 'ದೊಡ್ಡವರು ನಮಗೆ ನಿಜ ಹೇಳ್ತಿದ್ದಾರಾ' ಅನ್ನೋದೂ ಒಂದೇ ಪ್ರಶ್ನೆ ಆಗಿತ್ತು. ವಿಯೆಟ್ನಾಂ ಯುದ್ಧದ ದಿನಗಳು ಬೇರೆ. ನಮಗೆ ಮೊದಲನೇದಕ್ಕೆ ಆ್ಯಪ್ ಇದೆ. ಎರಡನೇದಕ್ಕೆ ಉತ್ತರ ಆಗಲೇ ಗೊತ್ತಿದೆ ಅಂದುಕೊಂಡುಬಿಟ್ಟಿದೀವಿ, ಅದಕ್ಕೇ ಕೇಳೋದೇ ಇಲ್ಲ.

ಮೊನ್ನೆ ಊಟದ ಹೊತ್ತಲ್ಲಿ ಗೆಳತಿಯನ್ನ ಕೇಳಿದೆ, "ಅವತ್ತು ಎಷ್ಟು ದೀಪ ಇದ್ವೇ?" ಅವಳು ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ.

ಮುಂದಿನ ಭಾಗ ಮೆಲ್ಬರ್ನ್‌ನ ವೆಸ್ಟಾಲ್ ಶಾಲೆಯದು. ವಾಷಿಂಗ್ಟನ್ ವಿಚಾರಣೆಯ ಮರುದಿನ, 1966ರ ಏಪ್ರಿಲ್ 6ರಂದು, ಅಲ್ಲಿನ ಮಕ್ಕಳೂ ಏನೋ ಕಂಡರು. ಅಷ್ಟರಲ್ಲಿ ಮನೇಲಿ ಅಜ್ಜ, ಅಜ್ಜಿ ಇದ್ರೆ ಹಾರುವ ತಟ್ಟೆ ಬಗ್ಗೆ ಏನಾದ್ರೂ ಕೇಳಿದ್ರಾ, ಓದಿದ್ರಾ ಅಂತ ವಿಚಾರಿಸಿ. ಅವರು ಹೇಳಿದ್ದನ್ನ ಹಾಗ್ಹಾಗೇ ಕಾಮೆಂಟಿನಲ್ಲಿ ಬರೀರಿ.