ಚಿಪ್ಪೇ ಹೊಲ

ಮೀನುಗಾರಿಕೆಯಲ್ಲಿ ಜೀವವಿಜ್ಞಾನಿಗೆ ಏನು ಕೆಲಸ ಅಂತ ಯಾರಾದ್ರೂ ಕೇಳಿದ್ರೆ, ವಿಲಿಯಂ ಕೀತ್ ಬ್ರೂಕ್ಸ್ ಕತೆ ಹೇಳಿ.

ಅಮೆರಿಕದ ಚೆಸಪೀಕ್ ಕೊಲ್ಲಿ 19ನೇ ಶತಮಾನದಲ್ಲಿ ಆಯ್ಸ್ಟರಿಗೆ, ಅಂದ್ರೆ ತಿನ್ನುವ ಸಿಂಪಿಗೆ, ಹೆಸರುವಾಸಿ. ಯುರೋಪಿನ ಸಿಂಪಿ ಮರಿಗಳನ್ನು ಚಿಪ್ಪಿನೊಳಗೇ ಸಾಕುತ್ತೆ. ಇಲ್ಲಿಯದು ಮೊಟ್ಟೆಯನ್ನು ನೀರಿಗೇ ಬಿಡುತ್ತೆ ಅಂತ ತೋರಿಸಿಕೊಟ್ಟವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಬ್ರೂಕ್ಸ್. ತೇಲಾಡುವ ಮರಿ ಅಂಟಿಕೊಳ್ಳೋಕೆ ಗಟ್ಟಿ ಜಾಗ ಬೇಕು. ಹಳೇ ಚಿಪ್ಪೇ ಆ ಜಾಗ. ಜನ ಮಾತ್ರ ಸಿಂಪಿ ತಿಂದು ಚಿಪ್ಪನ್ನು ರಸ್ತೆಗೆ, ಸುಣ್ಣಕ್ಕೆ ಹಾಕ್ತಿದ್ರು. ಫಸಲಿನ ಜೊತೆ ಹೊಲವನ್ನೂ ಹೊತ್ತೊಯ್ದ ಹಾಗೆ!

1882ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸಿಂಪಿ ಆಯೋಗ ಸೇರಿದ ಬ್ರೂಕ್ಸ್, ಬರೀ ಹಿಡಿಯೋದು ಸಾಲದು, ಚಿಪ್ಪು ಹಾಸಿ ಬೆಳೆಸಬೇಕು, ಅದಕ್ಕೆ ಕೊಲ್ಲಿಯ ತಳವನ್ನು ಗುತ್ತಿಗೆಗೆ ಕೊಡಿ ಅಂದರು. ಎಲ್ಲರ ನೀರು ದುಡ್ಡಿದ್ದವರ ಪಾಲಾಗುತ್ತೆ ಅಂತ ಸಿಂಪಿ ಹಿಡಿಯುವವರು ವಿರೋಧಿಸಿದರು. ಅವರ ಭಯಕ್ಕೂ ಅರ್ಥವಿತ್ತು. 1906ರಲ್ಲಿ ಗುತ್ತಿಗೆ ಕಾನೂನು ಬಂತು, ನೂರೆಂಟು ಕಟ್ಟುಪಾಡುಗಳ ಜೊತೆ. 1908ರಲ್ಲಿ ಬ್ರೂಕ್ಸ್ ತೀರಿಕೊಂಡರು. ಅತಿಯಾದ ಹಿಡಿತ, ಆಮೇಲೆ ರೋಗ, ಎರಡೂ ಸೇರಿ ಸಿಂಪಿ ಬರಿದಾಯ್ತು. ಗುತ್ತಿಗೆ ಸಲೀಸಾಗಿದ್ದು 2009ರ ಕಾನೂನಿನಿಂದ.

ಈಗ ಅದೇ ಕೊಲ್ಲಿಯ ಹ್ಯಾರಿಸ್ ಕ್ರೀಕ್‌ನಲ್ಲಿ, ಮರಿ ಅಂಟಿದ ಹಳೇ ಚಿಪ್ಪುಗಳನ್ನು ದೋಣಿಯಿಂದ ಸುರಿದು ಹೊಸ ದಿಬ್ಬ ಕಟ್ಟಿದ್ದಾರೆ. ಅಲ್ಲಿನ ಜೀವವಿಜ್ಞಾನಿಗಳಿಗೆ ಚಿಪ್ಪು ಹೊಂದಿಸೋದೇ ಈಗ ದೊಡ್ಡ ಕೆಲಸ.